ಹೊರೋಕೆ ಹಗುರ, ಹೊಡೆಯೋಕೆ ಭಾರ: ಸ್ಮಿತ್ ಅಂಡ್ ವೆಸ್ಸನ್ 642 ಜೊತೆ ಒಂದು ವರ್ಷ

ನಮ್ಮದು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಒಂದು ಸಣ್ಣ ದಿನಸಿ ಅಂಗಡಿ. ಸೋನಾ ಮಸೂರಿ, ಹುಣಸೆಹಣ್ಣು, ಹುರಿಗಡಲೆ, ವಾರಕ್ಕೊಮ್ಮೆ ಬರುವ ಕರಿಬೇವು. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ, ಆ ದಿನದ ನಗದು ಹಿಡಿದುಕೊಂಡು, ಹಿಂದಿನ ಪಾರ್ಕಿಂಗ್ ದಾಟಿ ಕಾರು ಸೇರಬೇಕು. ಎಣಿಸಿದ್ದೇನೆ, ಅರವತ್ತು ಹೆಜ್ಜೆ. ಯಜಮಾನರು ಕೆಲಸದ ಮೇಲೆ ಊರಲ್ಲಿ ಇಲ್ಲದ ವಾರಗಳಲ್ಲಿ ಆ ಅರವತ್ತು ಹೆಜ್ಜೆ ನಾನೊಬ್ಬಳೇ ನಡೆಯೋದು. ಹಾಗಾಗಿ ಹೋದ ವರ್ಷ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ 642 ಅನ್ನುವ ಪುಟ್ಟ ರಿವಾಲ್ವರ್ ತೆಗೆದುಕೊಂಡೆ.

ಬಂದೂಕು ನನಗೆ ಹೊಸದೇನಲ್ಲ. ಕೊಪ್ಪದ ಕಡೆಯವಳು ನಾನು. ನಮ್ಮ ಅಜ್ಜನ ಹತ್ತಿರ ಲೈಸೆನ್ಸಿನ ಒಂಟಿನಳಿಗೆ ಕೋವಿ ಇತ್ತು. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬಂದರೆ ಆಕಾಶಕ್ಕೆ ಒಂದು ಈಡು. ಚುನಾವಣೆ ಬಂತು ಅಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರೋದು, ಮುಗಿದ ಮೇಲೆ ಹೋಗಿ ತರೋದು. ಕೋವಿ ಅಂದರೆ ಉದ್ದ, ಭಾರ, ಬಚ್ಚಿಡೋಕೆ ಆಗದ್ದು ಅನ್ನುವ ಲೆಕ್ಕ ನನ್ನದು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಬಂದೂಕು ನೋಡಿದಾಗ ಮೊದಲು ಅನಿಸಿದ್ದು, ಇದು ಆಟದ ಸಾಮಾನಲ್ವಾ ಅಂತ.

ಅಂಗಡಿಯವನು (ಹೆಸರು ಬೇಡ ಬಿಡಿ) ನನ್ನನ್ನು ನೋಡಿದವನೇ, ಏನು ಬೇಕು ಅಂತಲೂ ಕೇಳದೆ, ಗಾಜಿನ ಪೆಟ್ಟಿಗೆಯಿಂದ ಇದನ್ನೇ ತೆಗೆದು ಮುಂದಿಟ್ಟ. ಹೆಂಗಸರಿಗೆ ಹೇಳಿ ಮಾಡಿಸಿದ್ದು, ಹಗುರ, ಸುಲಭ, ಟ್ರಿಗರ್ ಎಳೆದರೆ ಆಯಿತು, ಬೇರೇನೂ ಕಲಿಯೋದು ಬೇಡ ಅಂದ. ಹಗುರ ಅಂದಿದ್ದು ನಿಜ. ಮಿಕ್ಕಿದ್ದರಲ್ಲಿ ಅರ್ಧ ಸುಳ್ಳು. ಇದನ್ನು ಬರೆಯೋಕೆ ಕಾರಣವೂ ಅದೇ. ಹೊಸಬರಿಗೆ, ಅದರಲ್ಲೂ ಹೆಂಗಸರಿಗೆ, ಮೊದಲ ಬಂದೂಕು ಅಂತ ಇಂಥ ಪುಟ್ಟ ರಿವಾಲ್ವರ್ ಕೈಗಿಡುವುದು ಇಲ್ಲಿ ಒಂದು ರೂಢಿ. ಆದರೆ ಕಲಿತವರಿಗೇ ಕಷ್ಟ ಕೊಡುವ ಬಂದೂಕು ಇದು.

ಮೊದಲು ವಸ್ತುವಿನ ಬಗ್ಗೆ. 642 ಅನ್ನೋದು ಸ್ಮಿತ್ ಅಂಡ್ ವೆಸ್ಸನ್‌ನವರ 'ಜೆ ಫ್ರೇಮ್' ಕುಟುಂಬದ್ದು. ಆ ಕುಟುಂಬ ಶುರುವಾಗಿದ್ದು 1950ರಲ್ಲಿ, ಚೀಫ್ಸ್ ಸ್ಪೆಷಲ್ ಅನ್ನುವ ಐದು ಗುಂಡಿನ ರಿವಾಲ್ವರ್‌ನಿಂದ. ಎರಡು ವರ್ಷ ಬಿಟ್ಟು, ಕಂಪನಿಗೆ ನೂರು ವರ್ಷ ತುಂಬಿದಾಗ, ಹ್ಯಾಮರ್ (ಗುಂಡು ಹಾರಿಸೋಕೆ ಬಡಿಯುವ ಪುಟ್ಟ ಸುತ್ತಿಗೆ) ಒಳಗೇ ಮುಚ್ಚಿಹೋಗಿರುವ ಮಾದರಿ ಬಂತು. ನೂರರ ನೆನಪಿಗೆ ಅದಕ್ಕೆ ಸೆಂಟೆನಿಯಲ್ ಅಂತ ಹೆಸರು. 642 ಅದರ ಮೊಮ್ಮಗಳು. ದೇಹ ಅಲ್ಯೂಮಿನಿಯಂ ಮಿಶ್ರಲೋಹ, ತೋಟಾ ತುಂಬುವ, ತಿರುಗುವ ಸಿಲಿಂಡರ್ ಮತ್ತು ನಳಿಗೆ ಸ್ಟೀಲು. ನಳಿಗೆ ಎರಡು ಇಂಚಿಗೂ ಸ್ವಲ್ಪ ಕಡಿಮೆ. .38 ಸ್ಪೆಷಲ್ ತೋಟಾ ಐದು ಹಿಡಿಯುತ್ತದೆ, ಅದರ ಜೋರಿನ ರೂಪವಾದ ಪ್ಲಸ್ ಪಿ ಕೂಡ ಹಾಕಬಹುದು. ಖಾಲಿ ಇದ್ದಾಗ ತೂಕ ಸುಮಾರು 410 ಗ್ರಾಂ. ಅರ್ಧ ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಕಡಿಮೆ.

ಹ್ಯಾಮರ್ ಹೊರಗಿಲ್ಲದ್ದು ನನಗೆ ತುಂಬಾ ಇಷ್ಟವಾದ ವಿಷಯ. ಚೀಲದಿಂದ, ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ ಕೊಕ್ಕೆ ಅಂತ ಏನೂ ಇಲ್ಲ. ಸಾಬೂನಿನ ಹಾಗೆ ನುಣುಪು. ತೀರಾ ಬೇಕಾದರೆ ಕೋಟಿನ ಜೇಬಿನ ಒಳಗಿಂದಲೇ ಹಾರಿಸಬಹುದು. ಪಿಸ್ತೂಲಿನ ಮೇಲ್ಭಾಗದ ಸ್ಲೈಡು ಹಿಂದೆ ಮುಂದೆ ಓಡೋಕೆ ಜಾಗ ಬೇಕು, ಬಟ್ಟೆ ಸಿಕ್ಕಿದರೆ ನಿಂತೇಹೋಗಬಹುದು. ಇದಕ್ಕೆ ಆ ರಗಳೆ ಇಲ್ಲ.

ಈಗ ಟ್ರಿಗರ್. ಇಂಥ ಹ್ಯಾಮರ್ ಮುಚ್ಚಿದ ಪುಟ್ಟ ರಿವಾಲ್ವರ್‌ಗಳಲ್ಲಿ ಪ್ರತಿ ಸಲವೂ ಉದ್ದಕ್ಕೆ, ಗಟ್ಟಿಯಾಗಿ ಎಳೆಯಬೇಕು, ಹ್ಯಾಮರ್ ಮೊದಲೇ ಹಿಂದಕ್ಕೆ ಎಳೆದಿಟ್ಟು ಮೆತ್ತಗೆ ಒತ್ತುವ ದಾರಿಯೇ ಇಲ್ಲ. ಬೇರೆ ಸೇಫ್ಟಿ ಬಟನ್ ಇಲ್ಲದ್ದರಿಂದ ಆ ಬಿಗಿಯೇ ಸೇಫ್ಟಿ. ಬಲ ಸುಮಾರು ಐದು ಕಿಲೋ. ಬಂದೂಕು ನಾನೂರು ಗ್ರಾಂ, ಬೆರಳು ಎಳೆಯಬೇಕಾದ್ದು ಐದು ಕಿಲೋ. ಅಂದರೆ ಬಂದೂಕಿನ ತೂಕಕ್ಕಿಂತ ಹನ್ನೆರಡು ಪಟ್ಟು ಬಲವನ್ನು ಒಂದೇ ಬೆರಳಿನಿಂದ ಹಾಕುತ್ತಾ, ಆ ಬಂದೂಕು ಮಾತ್ರ ಅಲ್ಲಾಡದ ಹಾಗೆ ಹಿಡಿದಿರಬೇಕು! ಗುರಿ ತಪ್ಪೋದು ಇಲ್ಲೇ. ಹಗುರ ಇದ್ದಷ್ಟೂ ಅಲ್ಲಾಟ ಜಾಸ್ತಿ.

ಇನ್ನು ಒದೆ. ಗುಂಡು ಮುಂದೆ ಹೋದಷ್ಟೇ ಬಲದಲ್ಲಿ ಬಂದೂಕು ಹಿಂದೆ ಬರಬೇಕು, ಅದನ್ನು ತಡೆಯೋದು ಬಂದೂಕಿನ ತೂಕ. ತೂಕ ಇಲ್ಲದಿದ್ದರೆ? ಅಂಗೈ ತಡೆಯಬೇಕು. ಅಜ್ಜನ ಕೋವಿ ಭುಜಕ್ಕೆ ಒದೆಯುತ್ತಿತ್ತು, ಆದರೆ ಅದು ತಳ್ಳಿದ ಹಾಗೆ. ಇದು ಹಾಗಲ್ಲ. ಹೆಬ್ಬೆರಳಿನ ಬುಡಕ್ಕೆ ಯಾರೋ ಲಟ್ಟಣಿಗೆಯಿಂದ ಹೊಡೆದ ಹಾಗೆ. ಮೊದಲ ದಿನ ಶೂಟಿಂಗ್ ರೇಂಜಿನಲ್ಲಿ ಪ್ಲಸ್ ಪಿ ತೋಟಾ ಇಪ್ಪತ್ತೈದು ಹಾರಿಸಿ ಮನೆಗೆ ಬಂದವಳಿಗೆ ರಾತ್ರಿ ಚಪಾತಿ ಹಿಟ್ಟು ನಾದೋಕೆ ಆಗಲಿಲ್ಲ. ಅನ್ನ ಸಾರು ಮಾಡಿದೆ.

ಬರೀ ಮಾತು ಬೇಡ ಅಂತ ಒಂದು ಪರೀಕ್ಷೆ ಮಾಡಿದೆ. ಟೆಕ್ಸಸ್‌ನಲ್ಲಿ ಬಂದೂಕು ಜೊತೆಯಲ್ಲಿ ಒಯ್ಯುವ ಕ್ಯಾರಿ ಲೈಸೆನ್ಸ್‌ಗೆ ಒಂದು ಗುರಿ ಪರೀಕ್ಷೆ ಇದೆ. 3 ಗಜದಿಂದ 20 ಗುಂಡು, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕ, 175 ಬಂದರೆ ಪಾಸು. ನಾನು ಅದನ್ನು ಬಾಡಿಗೆಯ ಮಧ್ಯಮ ಗಾತ್ರದ 9 ಎಂಎಂ ಪಿಸ್ತೂಲಿನಲ್ಲಿ ಪಾಸು ಮಾಡಿದ್ದೆ, 241 ಬಂದಿತ್ತು. ಅದೇ ಪರೀಕ್ಷೆಯನ್ನು 642 ಹಿಡಿದು ನಾನೇ ಮತ್ತೆ ಮಾಡಿಕೊಂಡೆ. 198. ಮೂರು ಗಜದಲ್ಲಿ ನೂರಕ್ಕೆ ನೂರು. ಏಳು ಗಜದಲ್ಲಿ 76, ಅದು ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಕಾಗದದ ತುಂಬಾ. ಹದಿನೈದು ಗಜದಲ್ಲಿ ಐವತ್ತಕ್ಕೆ 22, ಮರ್ಯಾದೆ ಹೋಯಿತು. ಪಕ್ಕದ ಲೇನಿನ ಅಜ್ಜ ಒಬ್ಬರು ನೋಡಿ ಏನೂ ಹೇಳದೆ ತಮ್ಮ ಕಾಗದ ಬದಲಿಸಿಕೊಂಡರು. ಸಜ್ಜನರು.

ಗುರಿಕಣ್ಣು ಅಂತ ಇರೋದು ಮೇಲ್ಭಾಗದಲ್ಲಿ ಕೊರೆದ ಒಂದು ತೋಡು, ಮುಂದೆ ಒಂದು ಉಬ್ಬು, ಅಷ್ಟೇ. ಎರಡರ ನಡುವೆ ಅಂತರ ಕಡಿಮೆ. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೆ ದೂರದಲ್ಲಿ ಗೇಣು ತಪ್ಪುತ್ತದೆ. ಬೆಳಕು ಕಡಿಮೆ ಇದ್ದರೆ ಕಾಣುವುದೂ ಕಷ್ಟ. ನಾನು ಮುಂದಿನ ಉಬ್ಬಿಗೆ ಕಿತ್ತಳೆ ಬಣ್ಣದ ನೇಲ್ ಪಾಲಿಷ್ ಹಚ್ಚಿದೆ. ಮಗಳದ್ದು. ಹಗಲು ಹೊತ್ತು ಪರವಾಗಿಲ್ಲ. ಹಿಡಿಯಲ್ಲೇ ಲೇಸರ್ ಬರುವ ಕ್ರಿಮ್ಸನ್ ಟ್ರೇಸ್‌ನಂಥವೂ ಇವೆ, ದುಡ್ಡು ಜಾಸ್ತಿ.

ತೋಟಾ ಬಗ್ಗೆ ಒಂದು ಮಾತು. ಹಗುರ ಬಂದೂಕಿಗೆ ಜೋರು ತೋಟಾ ಹಾಕಿದರೆ ಕೈಗೆ ಮಾತ್ರ ತೊಂದರೆ ಅಲ್ಲ, ಒದೆತಕ್ಕೆ ಇನ್ನೂ ಹಾರಿಸದ ತೋಟಾಗಳಲ್ಲಿ ಗುಂಡು ಮೆಲ್ಲಗೆ ಮುಂದಕ್ಕೆ ಜಾರಿ ಸಿಲಿಂಡರ್ ಸಿಕ್ಕಿಹಾಕಿಕೊಳ್ಳಬಹುದು. ಇನ್ನೂ ಹಗುರವಾದ, ಸ್ಕ್ಯಾಂಡಿಯಂ ಬೆರೆಸಿದ 340ಪಿಡಿ ಅನ್ನುವ ಮಾದರಿಗೆ ಇನ್ನೂ ಜೋರಿನ .357 ಮ್ಯಾಗ್ನಮ್ ತೋಟಾ ಹಾಕಬಹುದು, ಆದರೆ 120 ಗ್ರೇನ್‌ಗಿಂತ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಹಗುರದ ಗುಂಡು ಹಾಕಬೇಡಿ ಅಂತ ಅದರ ಮೇಲೇ ಬರೆದಿರುತ್ತದೆ. ನಾನು ಈಗ ಹಾಕೋದು 148 ಗ್ರೇನ್‌ನ ವ್ಯಾಡ್‌ಕಟರ್. ಮೂತಿ ಚಪ್ಪಟೆ ಇರುವ, ಗುರಿ ಅಭ್ಯಾಸಕ್ಕೆ ಅಂತ ಇರುವ ಮೆತ್ತಗಿನ ತೋಟಾ. ಒದೆ ಅರ್ಧ ಕಡಿಮೆ ಆದ ಹಾಗೆ ಅನಿಸುತ್ತದೆ, ಎರಡನೇ ಗುಂಡು ಬೇಗ ಗುರಿಗೆ ಬರುತ್ತದೆ. ಪುಟ್ಟ ನಳಿಗೆಗೆ ಇದೇ ಸಾಕು ಅನ್ನುವ ಅನುಭವಿಗಳು ಬಹಳ ಜನ ಇದ್ದಾರೆ. ಚಪ್ಪಟೆ ಮೂತಿಯಿಂದ ತುಂಬೋದು ಮಾತ್ರ ಕಿರಿಕಿರಿ, ಸೂಜಿಗೆ ದಾರ ಪೋಣಿಸಿದ ಹಾಗೆ ಒಂದೊಂದೇ ಕೂರಿಸಬೇಕು. .38 ತೋಟಾ 9 ಎಂಎಂಗಿಂತ ದುಬಾರಿ ಅನ್ನೋದೂ ಲೆಕ್ಕದಲ್ಲಿ ಇರಲಿ.

ಹಾರಿಸಿದ ತೋಟಾದ ಖಾಲಿ ಕೊಟ್ಟೆ ಹೊರಗೆ ತಳ್ಳುವ ಸರಳು ಗಿಡ್ಡ. ನಳಿಗೆ ಗಿಡ್ಡ ಇದ್ದಮೇಲೆ ಅದೂ ಗಿಡ್ಡವೇ. ಮೂತಿ ಮೇಲೆ ಮಾಡಿ ಜೋರಾಗಿ ತಟ್ಟದಿದ್ದರೆ ಒಂದೆರಡು ಒಳಗೇ ಕೂರುತ್ತವೆ. ಐದು ಗುಂಡು ಮುಗಿದ ಮೇಲೆ ನನಗೆ ಮತ್ತೆ ತುಂಬೋಕೆ ಹನ್ನೊಂದು ಸೆಕೆಂಡು ಬೇಕು, ಅದೂ ಯಾರೂ ಅವಸರ ಮಾಡದಿದ್ದಾಗ. ಹಾಗಾಗಿ ಇದನ್ನು ಐದು ಗುಂಡಿನ ಬಂದೂಕು ಅಂತಲೇ ಅಂದುಕೊಳ್ಳಿ.

ಇಷ್ಟೆಲ್ಲ ದೂರಿದ ಮೇಲೂ ಇದನ್ನು ಯಾಕೆ ಇಟ್ಟುಕೊಂಡೆ? ಬಟ್ಟೆ. ಇಲ್ಲಿನ ಸಲಹೆಗಳೆಲ್ಲ ಗಟ್ಟಿ ಬೆಲ್ಟು ಕಟ್ಟಿದ ಜೀನ್ಸ್ ಗಂಡಸರಿಗೆ. ನಾನು ಅಂಗಡಿಗೆ ಹಾಕೋದು ಚೂಡಿದಾರ್. ಜೇಬಿಲ್ಲ, ಬೆಲ್ಟಿಲ್ಲ, ಇರೋದು ಒಂದು ಲಾಡಿ. ಬಾಡಿಗೆಗೆ ತಂದಿದ್ದ ಆ 9 ಎಂಎಂ ಆರುನೂರು ಗ್ರಾಂ, ಅದೂ ಖಾಲಿಯಾಗಿ. ಗುಂಡು ತುಂಬಿ ಲಾಡಿಗೆ ಸಿಕ್ಕಿಸಿದರೆ ಪಾರ್ಕಿಂಗ್ ಮಧ್ಯದಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಕೊನೆಗೆ ಸಿಕ್ಕ ದಾರಿ ಬೆಲ್ಲಿ ಬ್ಯಾಂಡ್, ಹೊಟ್ಟೆಗೆ ಸುತ್ತುವ ಅಗಲದ ಎಲಾಸ್ಟಿಕ್ ಪಟ್ಟಿ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಕವಚ ಒಳಗೆ ಇರುವಂಥದ್ದೇ ತೆಗೆದುಕೊಳ್ಳಿ, ಬರೀ ಬಟ್ಟೆಯದ್ದು ಬೇಡ. ಅದರ ಮೇಲೆ ಸಡಿಲ ಕುರ್ತಾ, ದುಪಟ್ಟಾ. ನಾನೂರು ಗ್ರಾಂ ಅಲ್ಲಿ ದಿನವಿಡೀ ಕೂತಿರುತ್ತದೆ, ಅಕ್ಕಿ ಮೂಟೆ ಎತ್ತುವಾಗಲೂ ಚುಚ್ಚುವುದಿಲ್ಲ. ಸೀರೆಯಲ್ಲೂ ನೋಡಿದೆ. ಮುಚ್ಚೋದು ಬಹಳ ಚೆನ್ನಾಗಿ ಮುಚ್ಚುತ್ತದೆ. ತೆಗೆಯೋಕೆ ಮಾತ್ರ ನೆರಿಗೆ ಬಿಚ್ಚಬೇಕು. ಸೀರೆ ಉಟ್ಟ ದಿನ ಮನೆಯಲ್ಲೇ ಬಿಡುತ್ತೇನೆ.

ಕೈಚೀಲದಲ್ಲಿ ಇಡಬಹುದಲ್ಲ ಅಂತ ಕೇಳುತ್ತಾರೆ. ಒಂದು ತಿಂಗಳು ಇಟ್ಟೆ. ಪ್ರತ್ಯೇಕ ಜಿಪ್ ಇರುವ ಚೀಲ, ಒಳಗೆ ಹೋಲ್‌ಸ್ಟರ್ (ಬಂದೂಕಿನ ಕವಚ), ಆ ಖಾನೆಯಲ್ಲಿ ಬೇರೇನೂ ಇಲ್ಲ. ಆದರೆ ಚೀಲ ಅನ್ನೋದು ಕೆಳಗಿಡುವ ವಸ್ತು. ಪಕ್ಕದ ಮನೆಗೆ ಹೋದರೆ ಸೋಫಾ ಮೇಲೆ, ಅಂಗಡಿಯಲ್ಲಿ ಗಲ್ಲಾ ಕೆಳಗೆ. ಒಂದು ಸಂಜೆ ಗೆಳತಿಯ ನಾಲ್ಕು ವರ್ಷದ ಮಗ ಚಾಕೊಲೇಟ್ ಹುಡುಕುತ್ತಾ ಅದರ ಜಿಪ್ಪಿಗೆ ಕೈ ಹಾಕಿದ. ತೆರೆಯಲಿಲ್ಲ. ಆದರೂ ಅವತ್ತಿನಿಂದ ಚೀಲ ಬಂದ್. ಮನೆಗೆ ಬಂದ ಕೂಡಲೇ ಬಟನ್ ಒತ್ತಿ ತೆಗೆಯುವ ಉಕ್ಕಿನ ಪೆಟ್ಟಿಗೆಗೆ ಹೋಗುತ್ತದೆ. ಮಕ್ಕಳ ಕೈಗೆ ಸಿಗುವ ಹಾಗೆ ಗುಂಡು ತುಂಬಿದ ಬಂದೂಕು ಬಿಟ್ಟರೆ ಟೆಕ್ಸಸ್‌ನಲ್ಲೂ ಅಪರಾಧವೇ.

ಕಾನೂನು ಅಂದಮೇಲೆ ನಮ್ಮವರಿಗಾಗಿ ಇದನ್ನು ಹೇಳಲೇಬೇಕು. 2021ರ ಸೆಪ್ಟೆಂಬರ್ 1ರಿಂದ ಇಲ್ಲಿ 21 ತುಂಬಿದ, ಬೇರೆ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ಅದನ್ನು ಕೇಳಿ ಎಚ್‌1ಬಿ ಕೆಲಸದ ವೀಸಾ ಮೇಲಿರುವ ಹುಡುಗರು ನನ್ನ ಹತ್ತಿರ ಬಂದು, ಅಕ್ಕಾ ನಾವೂ ತಗೋಬಹುದಾ ಅನ್ನುತ್ತಾರೆ. ಬೇಡಪ್ಪಾ. ಫೆಡರಲ್ ಕಾನೂನು ಬೇರೆ. ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅದು ಸಾಮಾನ್ಯವಾಗಿ ತಡೆಯುತ್ತದೆ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. ಗ್ರೀನ್ ಕಾರ್ಡ್ ಇದ್ದವರ ಕಥೆ ಬೇರೆ. ಸುಮ್ನೆ ಗೆಳೆಯರ ಜೊತೆ ರೇಂಜಿಗೆ ಹೋಗಿ ಕೈಗೆತ್ತಿಕೊಳ್ಳುವ ಮುಂಚೆಯೂ ವಕೀಲರನ್ನು ಕೇಳಿ, ವೀಸಾ ಕಳೆದುಕೊಳ್ಳಬೇಡಿ. ಲೈಸೆನ್ಸ್ ಬೇಕಿಲ್ಲ ಅಂದರೂ ನಾನು ಮಾಡಿಸಿದ್ದೇನೆ, ಪಕ್ಕದ ಹಲವು ರಾಜ್ಯಗಳಲ್ಲಿ ನಡೆಯುತ್ತದೆ ಅಂತ. ಕಾನೂನಿನ ಸೆಕ್ಷನ್ ಸಂಖ್ಯೆ 30.06 ಅಂತ ಫಲಕ ಇದ್ದರೆ ಒಳಗೆ ಬಚ್ಚಿಟ್ಟುಕೊಂಡೂ ಒಯ್ಯುವಂತಿಲ್ಲ. ಶಾಲೆ, ಅಂಚೆ ಕಚೇರಿ ಬೇಡವೇ ಬೇಡ.

ರೂಗರ್ ಕಂಪನಿಯ ಎಲ್‌ಸಿಆರ್ ರಿವಾಲ್ವರ್ ಬಗ್ಗೆ ಕೇಳುವವರು ಇದ್ದಾರೆ. 2009ರಲ್ಲಿ ಬಂದ ಇದರ ಎದುರಾಳಿ, ಕೆಳಭಾಗ ಪಾಲಿಮರ್, ತೂಕ ಇನ್ನೂ ಸ್ವಲ್ಪ ಕಡಿಮೆ, ಸುಮಾರು 380 ಗ್ರಾಂ. ಬಾಡಿಗೆಗೆ ಒಂದು ಸಲ ತೆಗೆದುಕೊಂಡೆ. ಅದರ ಟ್ರಿಗರ್ ಎಳೆತ ನುಣುಪು, ಎಲ್ಲೂ ತಡೆದ ಹಾಗೆ ಅನಿಸುವುದಿಲ್ಲ. ರಬ್ಬರ್ ಹಿಡಿಯೂ ಮೆತ್ತಗೆ. ಅದೇ ಪರೀಕ್ಷೆಯಲ್ಲಿ 207 ಬಂತು. ಹಾಗಾದರೆ ಅದೇ ಒಳ್ಳೆಯದಲ್ವಾ? ಹೊಡೆಯೋಕೆ ಹೌದು. ಆದರೆ ಆ ರಬ್ಬರ್ ಕುರ್ತಾ ಬಟ್ಟೆಯನ್ನು ಹಿಡಿದು ಎಳೆಯುತ್ತದೆ, ಆಕಾರವೂ ನನ್ನ ಹೊಟ್ಟೆಗೆ ಸ್ವಲ್ಪ ಉಬ್ಬಾಗಿ ಕಂಡಿತು. ಪ್ಯಾಂಟು ಜೇಬಿನಲ್ಲಿ ಇಡುವವರಾದರೆ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ.

ಬೆಲೆ, ನಾನು ಕೊಟ್ಟಿದ್ದು ತೆರಿಗೆ ಬಿಟ್ಟು ಐನೂರು ಡಾಲರ್‌ಗೆ ಸ್ವಲ್ಪ ಕಡಿಮೆ. ಅಷ್ಟೇ ದುಡ್ಡು ತೋಟಾಗಳಿಗೂ ಎತ್ತಿಡಿ. ಅಭ್ಯಾಸಕ್ಕೆ ಸಮಯ ಇಲ್ಲ, ಡ್ರಾಯರ್‌ನಲ್ಲಿ ಇಟ್ಟು ಮರೆಯುತ್ತೇನೆ ಅನ್ನುವವರಿಗೆ ಇದನ್ನು ಹೇಳುವುದಿಲ್ಲ. ಅವರಿಗೆ ಮಧ್ಯಮ ಗಾತ್ರದ್ದು ಯಾವುದಾದರೂ ಮೇಲು. ನಮ್ಮ ಯಜಮಾನರ ಕೈಗಂತೂ ಇದು ಆಗಿಬರಲಿಲ್ಲ. ಕಿರುಬೆರಳಿಗೆ ಜಾಗವೇ ಸಿಗದೆ ಗಾಳಿಯಲ್ಲಿ ನಿಲ್ಲುತ್ತದೆ, ಟೀ ಕಪ್ಪು ಹಿಡಿದ ಹಾಗೆ.

ನಾನು ತಿಂಗಳಿಗೊಮ್ಮೆ ರೇಂಜಿಗೆ ಹೋಗಿ ಐವತ್ತು ಗುಂಡು ಹಾರಿಸುತ್ತೇನೆ. ಉಳಿದ ಅಭ್ಯಾಸ ಮನೆಯಲ್ಲಿ, ಖಾಲಿ ಬಂದೂಕಿನಲ್ಲಿ. ನಿಜವಾದ ತೋಟಾ ಎಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿ, ಸಿಲಿಂಡರ್ ಎರಡು ಸಲ ನೋಡಿ, ಕೆಂಪು ಪ್ಲಾಸ್ಟಿಕ್‌ನ ಡಮ್ಮಿ ತೋಟಾ ತುಂಬಿ, ಹೊರಗಿನ ಇಟ್ಟಿಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ನಳಿಗೆಯ ಮೇಲೆ ಒಂದು ಕಾಲು ಡಾಲರ್ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಪೂರ್ತಿ ಎಳೆಯೋದು. ಕುಕ್ಕರ್ ಮೂರು ಸೀಟಿ ಕೂಗುವಷ್ಟರಲ್ಲಿ ಇಪ್ಪತ್ತು ಸಲ ಆಗುತ್ತದೆ. ಮೊದಲ ವಾರ ನಾಣ್ಯ ಯಾವಾಗಲೂ ನೆಲದ ಮೇಲೇ. ಈಗ ಹತ್ತರಲ್ಲಿ ಏಳು ಸಲ ನಿಲ್ಲುತ್ತದೆ.