ಒಂದೇ ಅಂಗನವಾಡಿ ಕೋಣೆ, ಮೂರು ಥರದ ಜೋಡಣೆ

ನನ್ನ ಅಂಗನವಾಡಿ ಕೋಣೆ 18 ಅಡಿ ಉದ್ದ, 14 ಅಡಿ ಅಗಲ. ಅದರಲ್ಲೂ ಒಂದು ಮೂಲೆ ರೇಷನ್ ಮೂಟೆಗಳದ್ದು. ಉಳಿದ ಜಾಗದಲ್ಲಿ 3ರಿಂದ 6 ವರ್ಷದ 22 ಮಕ್ಕಳು, ನಾನು, ನಮ್ಮ ಸಹಾಯಕಿ ಅಕ್ಕ. ಕಳೆದ ಜೂನ್‌ನಿಂದ ಇದೇ ಕೋಣೆಯನ್ನು ಮೂರು ಥರ ಜೋಡಿಸಿ ನೋಡಿದೆ, ಒಂದೊಂದಕ್ಕೆ ಸುಮಾರು ಆರು ವಾರ.

ಮೊದಲನೆಯದು ಮೊದಲಿನಿಂದಲೂ ಇದ್ದದ್ದು. ನಡುವೆ ಜಮಖಾನ, ಗೋಡೆ ತುಂಬ ಚಾರ್ಟು, ಆಟದ ಸಾಮಾನೆಲ್ಲ ಟ್ರಂಕಿನಲ್ಲಿ. ಹಾಡಿಗೆ, ಕಥೆಗೆ, ಊಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಕಸ ಗುಡಿಸೋದೂ ಸುಲಭ. ಅಕ್ಕನಿಗೆ ಈಗಲೂ ಇದೇ ಇಷ್ಟ. ಆದರೆ ಟ್ರಂಕು ತೆಗೆದ ಕೂಡಲೇ 22 ಮಕ್ಕಳೂ ಅದರ ಮೇಲೆ ಬೀಳುತ್ತಾರೆ. ಗಟ್ಟಿಗರಿಗೆ ಬ್ಲಾಕುಗಳು, ಮೆತ್ತಗಿನವರಿಗೆ ಕೈ ಮುರಿದ ಗೊಂಬೆ. ಇನ್ನು ನಡುವೆ ಖಾಲಿ ಜಾಗ ಕಂಡರೆ ಓಡದೆ ಇರೋ ಮಗು ಎಲ್ಲಿದೆ? ಒಂದು ದಿನ ಬೆಳಗ್ಗೆ ಸುಮ್ನೆ ಲೆಕ್ಕ ಹಾಕಿದೆ. ಊಟದ ಹೊತ್ತಿಗೆ 31 ಸಲ 'ಓಡಬೇಡಿ' ಅಂದಿದ್ದೆ.

ಎರಡನೆಯದು ಮೂಲೆಗಳು. ತರಬೇತಿಯಲ್ಲಿ ನಾಲ್ಕು ಮೂಲೆ ಅಂತ ಹೇಳಿಕೊಡುತ್ತಾರೆ, ನನಗೆ ಸಿಕ್ಕಿದ್ದು ಮೂರು. ಮನೆಯಾಟಕ್ಕೊಂದು, ಬ್ಲಾಕಿಗೊಂದು, ಪುಸ್ತಕಕ್ಕೊಂದು. ನಡುವೆ ಹಗ್ಗ ಕಟ್ಟಿ ಹಳೇ ಸೀರೆ ಇಳಿಬಿಟ್ಟೆ. ಓಟ ಎರಡೇ ದಿನದಲ್ಲಿ ನಿಂತಿತು, ನಾನು ಬಾಯಿ ಬಿಡಲೇ ಇಲ್ಲ. ಓಡೋಕೆ ದಾರಿಯೇ ಇಲ್ಲದ ಮೇಲೆ ಎಲ್ಲಿ ಓಡುತ್ತಾರೆ?

ಆದರೆ ಎಡವಿದ್ದೂ ಇದರಲ್ಲೇ ಜಾಸ್ತಿ. ಸೀರೆಯ ಮರೆ ನಾಲ್ಕು ಅಡಿ ಎತ್ತರ. ಅದರ ಹಿಂದೆ ಕೂತ ಹುಡುಗನೊಬ್ಬ ಹುಣಸೆ ಬೀಜವನ್ನು ಮೂಗಿಗೆ ಹಾಕಿಕೊಂಡ. ಅವನು ಅಳೋವರೆಗೂ ನನಗೆ ಗೊತ್ತಾಗಲಿಲ್ಲ. ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದೆವು. ಅವತ್ತೇ ಸೀರೆ ಬಿಚ್ಚಿದೆ. ಹುಣಸೆ ಬೀಜದ ಡಬ್ಬಿ ನನ್ನ ಮೇಜಿನ ಮೇಲೆ ಹೋಯಿತು. ಈಗ ಯಾವ ಮರೆಯೂ ನಾನು ನೆಲದಲ್ಲಿ ಕೂತರೆ ನನ್ನ ಕಣ್ಣಿಗಿಂತ ಮೇಲಿರಬಾರದು.

ಯಾವ ಮೂಲೆ ಯಾವುದರ ಪಕ್ಕ ಇರಬೇಕು ಅನ್ನೋದೂ ಪೆಟ್ಟು ತಿಂದೇ ಗೊತ್ತಾಗಿದ್ದು. ಬ್ಲಾಕುಗಳನ್ನು ಬಾಗಿಲ ಹತ್ತಿರ ಇಟ್ಟಿದ್ದೆ. ತಡವಾಗಿ ಬಂದವರ ಕಾಲು ತಾಗಿ ದಿನಕ್ಕೊಂದು ಗೋಪುರ ಬೀಳುತ್ತಿತ್ತು, ದಿನಕ್ಕೊಂದು ಜಗಳ. ಪುಸ್ತಕದ ಮೂಲೆ ಅಡುಗೆ ಕಡೆಗಿತ್ತು. ಕುಕ್ಕರ್ ಕೂಗಿದರೆ ಎಲ್ಲರೂ ಎದ್ದು ತಟ್ಟೆ ಹುಡುಕುತ್ತಿದ್ದರು. ಬ್ಲಾಕನ್ನು ಮನೆಯಾಟದ ಪಕ್ಕಕ್ಕೆ ತಂದೆ, ಪುಸ್ತಕವನ್ನು ಕಿಟಕಿ ಕೆಳಗಿಟ್ಟೆ. ಆಮೇಲೆ ಬ್ಲಾಕೇ ಮುದ್ದೆಯಾಯಿತು, ಬ್ಲಾಕೇ ಮಿಕ್ಸಿಯಾಯಿತು. ಗಂಡುಮಕ್ಕಳೂ ಅಡುಗೆಗೆ ಕೂತರು.

ಮೂರನೆಯದು ಮಾಂಟೆಸ್ಸರಿ ಥರ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ಮೊದಲ ಮಕ್ಕಳ ಮನೆ ತೆರೆದಾಗ ಸಾಮಾನೆಲ್ಲ ಬೀಗ ಹಾಕಿದ ಬೀರುವಿನಲ್ಲಿತ್ತಂತೆ. ಒಂದು ದಿನ ಬೀಗ ಹಾಕೋದು ಮರೆತು, ಮಕ್ಕಳೇ ತಮಗೆ ಬೇಕಾದ್ದನ್ನು ತೆಗೆದುಕೊಂಡು ಕೂತಿದ್ದರು. ಅದನ್ನು ನೋಡಿದ ಮೇಲೆ ತಗ್ಗಿನ ತೆರೆದ ಕಪಾಟುಗಳು ಬಂದವು. ನನ್ನ ಟ್ರಂಕು ನೆನಪಾಗಿ ನಗು ಬಂತು.

ಕಪಾಟಿಗೆ ದುಡ್ಡೆಲ್ಲಿ? ನಮ್ಮ ಮುಳಬಾಗಿಲು ಕಡೆ ಟೊಮೆಟೊ ಕ್ರೇಟಿಗೇನು ಬರ? ಒಂದು ಮಗುವಿನ ತಂದೆ ಹತ್ತು ಹಳೇ ಕ್ರೇಟು ತಂದುಕೊಟ್ಟರು. ಅಡ್ಡ ಮಲಗಿಸಿ, ಒಂದರ ಮೇಲೊಂದು ಎರಡರಂತೆ ಇಟ್ಟರೆ ಮೂರು ವರ್ಷದ ಮಗುವಿನ ಎದೆಮಟ್ಟಕ್ಕೆ ಬರುತ್ತದೆ. ಒಂದೊಂದರಲ್ಲೂ ಒಂದೊಂದೇ ಸಾಮಾನು, ಮುಂದೆ ಅದರ ಚಿತ್ರ. ತಗೋ, ಪುಟ್ಟ ಚಾಪೆ ಹಾಸಿಕೋ, ಆಡು, ವಾಪಸ್ ಇಡು.

ದೊಡ್ಡ ಮಕ್ಕಳಿಗೆ ಇದು ತುಂಬ ಹಿಡಿಸಿತು. ಐದು ವರ್ಷದ ಹುಡುಗಿಯೊಬ್ಬಳು ಚೊಂಬಿನಿಂದ ಲೋಟಕ್ಕೆ ನೀರು ಸುರಿಯುತ್ತಾ ಅರ್ಧ ಗಂಟೆ ಕೂತಳು. ಕೊನೆಗೆ ಒಂದು ಹನಿಯೂ ಚೆಲ್ಲಲಿಲ್ಲ. ಎತ್ತಿಡೋ ಕೆಲಸ ಟ್ರಂಕಿನ ಕಾಲದಲ್ಲಿ ಇಪ್ಪತ್ತು ನಿಮಿಷ, ಈಗ ಐದು. ಆದರೆ ಸಾಮಾನು ಪೂರ್ತಿ ಇರಬೇಕು. ಎರಡು ತುಂಡು ಕಳೆದ ಪಜಲ್‌ನಲ್ಲಿ ಏನು ಆಡ್ತಾರೆ? ಮೂರು ವರ್ಷದವರಿಗೆ ಒಬ್ಬರೇ ಚಾಪೆಯ ಮೇಲೆ ಕೂರೋದೂ ಕಷ್ಟ. ಮಾತೂ ಕಡಿಮೆಯಾಯಿತು. ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಮಾತು ತೆಲುಗು. ಅವರು ಕನ್ನಡ ಕಲಿಯೋದೇ ಪಕ್ಕದವರ ಜೊತೆ ಆಡಿ.

ಒಂದು ದಿನ ನಾನು ರಿಜಿಸ್ಟರ್ ಬರೆದು ತಲೆ ಎತ್ತಿದರೆ ಕಪಾಟೇ ಇಲ್ಲ! ಸಾಮಾನೆಲ್ಲ ಕೆಳಗೆ ಸುರಿದು, ಕ್ರೇಟುಗಳನ್ನು ಸಾಲಾಗಿ ಇಟ್ಟು ಟೊಮೆಟೊ ಮಂಡಿ ಮಾಡಿಕೊಂಡಿದ್ದರು. ಒಬ್ಬ ವಡ್ಡಹಳ್ಳಿ ಮಂಡಿಯ ಥರಾನೇ ಕ್ರೇಟಿಂದ ಕ್ರೇಟಿಗೆ ಹಾರುತ್ತಾ 'ನೂಟ ಯಾಭೈ, ನೂಟ ಯಾಭೈ' (ನೂರಾ ಐವತ್ತು) ಅಂತ ತೆಲುಗಲ್ಲಿ ಹರಾಜು ಕೂಗುತ್ತಿದ್ದ. ಚೆಂಡು, ಬ್ಲಾಕು, ಗೊಂಬೆಯ ತಲೆ ಎಲ್ಲವೂ ಟೊಮೆಟೊ. ಬೈಯೋಣ ಅಂತ ಎದ್ದೆ. ಆಮೇಲೆ ನಾನೂ ಹೋಗಿ 'ನೂರಾ ಅರವತ್ತು!' ಅಂದೆ. ಅವನು ಒಂದು ಕ್ಷಣ ಬಾಯಿ ಬಿಟ್ಟು ನೋಡಿದ. ಆಮೇಲೆ 'ನೂರಾ ಅರವತ್ತು, ನೂರಾ ಅರವತ್ತು' ಶುರುವಾಯಿತು. ನೂರರ ಆಚೆಗಿನ ಸಂಖ್ಯೆಯನ್ನು ನಾನು ಅವರಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಈಗ ಆರು ಕ್ರೇಟುಗಳನ್ನು ತಂತಿ ಬಿಗಿದು ಕಪಾಟು ಮಾಡಿದ್ದೇನೆ, ನಾಲ್ಕನ್ನು ಮಕ್ಕಳಿಗೇ ಬಿಟ್ಟಿದ್ದೇನೆ. ಒಂದನ್ನೇ ಆರಿಸು ಅಂದರೆ ಮೂಲೆಗಳು. ಸಣ್ಣವರು, ದೊಡ್ಡವರು ಒಂದೇ ಕೋಣೆಯಲ್ಲಿದ್ದರೆ ಅದೇ ಸರಿ. ಮಕ್ಕಳು ಹತ್ತಕ್ಕಿಂತ ಕಡಿಮೆ, ಸಾಮಾನು ಪೂರ್ತಿ ಇದೆ ಅಂದರೆ ಬರೀ ತೆರೆದ ಕಪಾಟು ಸಾಕು. ಜಮಖಾನವನ್ನು ಕಥೆಗೆ, ಊಟಕ್ಕೆ ಹಾಸಿ ಮತ್ತೆ ಸುತ್ತಿಡುತ್ತೇವೆ.

ಪುಸ್ತಕದ ಮೂಲೆ ಮಾತ್ರ ಇನ್ನೂ ಸೊರಗಿದೆ. ರೇಷನ್ ಬಂದ ವಾರ ಅಲ್ಲಿಗೂ ಎರಡು ಮೂಟೆ ಬಂದು ಕೂರುತ್ತವೆ. ತಮಾಷೆ ಅಂದರೆ, ಆ ವಾರವೇ ಅಲ್ಲಿ ಜನ ಜಾಸ್ತಿ. ಅಕ್ಕಿ ಮೂಟೆಗೆ ಒರಗಿಕೊಂಡು, ಪುಸ್ತಕ ತಲೆಕೆಳಗಾಗಿ ಹಿಡಿದು, ಒಬ್ಬರಿಗೊಬ್ಬರು ಕಥೆ ಹೇಳುತ್ತಿರುತ್ತಾರೆ.