ಡ್ಯೂಟಿ ಫ್ರೀ ಬಾಟ್ಲಿ ಅಂತ ಮನೆ ಬಾಗಿಲಿಗೆ ತಂದುಕೊಡೋರ ಹತ್ರ ತಗೋಬೇಡ್ರಪ್ಪಾ

ಹೊಸತೊಡಕಿಗೆ ಭಾವ ಮನೆಗೆ ಬರ್ತಿದ್ರು, ನಾಟಿಕೋಳಿ ಸಾರು ರೆಡಿ ಇತ್ತು, ಜೊತೆಗೆ ಒಂದು ಒಳ್ಳೆ ಸ್ಕಾಚ್ ಇರ್ಲಿ ಅಂತ ಆಸೆ. ಆಫೀಸಲ್ಲಿ ಒಬ್ಬ ಬಾಟ್ಲಿ ಮಾರೋನ ನಂಬರ್ ಕೊಟ್ಟ, ದುಬೈಯಿಂದ ಬರೋರ ಕೈಲಿ ತರಿಸ್ತಾನೆ, ಅಂಗಡಿ ರೇಟಿಗಿಂತ ಒಂದೂವರೆ ಸಾವಿರ ಕಮ್ಮಿ ಅಂದ. ಫೋನ್ ಮಾಡಿದ್ರೆ ಮರದ ಪೀಪಾಯಿಲಿ ಹನ್ನೆರಡು ವರ್ಷ ಇಟ್ಟಿದ್ದು ಹತ್ತು ಬಾಟ್ಲಿ ಇದೆ ಸಾರ್, ಎಷ್ಟು ಬೇಕು ಅಂತಾನೆ. ಅಲ್ಲೇ ತಲೆ ಓಡಬೇಕಿತ್ತು ನಂಗೆ, ವಿಮಾನದಲ್ಲಿ ಬರೋನು ಒಬ್ಬ ಡ್ಯೂಟಿ ಅಂದ್ರೆ ಸುಂಕ ಕಟ್ಟದೆ ತರಬಹುದಾಗಿರೋದೇ 2 ಲೀಟರ್, ಇವನ ಹತ್ರ ಒಂದೇ ಮಾಲು ಹತ್ತು ಎಲ್ಲಿಂದ ಬಂತು?

ಬೈಕಲ್ಲಿ ಬಂದು ಗೇಟ್ ಹತ್ರ ಕೊಟ್ಟು ಹೋದ. ಡಬ್ಬ ಫಳಫಳ. ಆದ್ರೆ ಎತ್ತಿದ್ರೆ ಒಳಗೆ ಬಾಟ್ಲಿ ಲೊಡಲೊಡ ಅಲ್ಲಾಡ್ತಿತ್ತು, ಅಣ್ಣನ ಶರ್ಟು ತಮ್ಮ ಹಾಕ್ಕೊಂಡಂಗೆ. ಡಬ್ಬ 1 ಲೀಟರಿಂದು, ಬಾಟ್ಲಿ 750 ಎಂ.ಎಲ್. ಲೇಬಲ್ ಮೇಲೆ ಆಲ್ಕೋಹಾಲ್ 42.8 ಪರ್ಸೆಂಟ್ ಅಂತಿತ್ತು. ಅದು ನಮ್ಮ ದೇಶದಲ್ಲೇ ಬಾಟ್ಲಿಗೆ ತುಂಬೋ ಮಾಲಿನ ಲೆಕ್ಕ, ಡ್ಯೂಟಿ ಫ್ರೀಲಿ ಸಾಮಾನ್ಯವಾಗಿ 40 ಇಲ್ಲಾ 43 ಇರತ್ತೆ. ಇಲ್ಲಿ ತುಂಬಿದ ಮಾಲಾದ್ರೆ ಮುಚ್ಚಳದ ಮೇಲೆ ಅಬಕಾರಿ ಸ್ಟಿಕ್ಕರ್ ಇರ್ಬೇಕು, ಅದೂ ಇಲ್ಲ. ಡ್ಯೂಟಿ ಫ್ರೀ ಅಲ್ವಾ ಅದಕ್ಕೇ ಇಲ್ಲ ಅಂತ ನಾನೇ ನನಗೆ ಸಮಾಧಾನ ಹೇಳ್ಕೊಂಡೆ!

ಮುಚ್ಚಳ ತಿರುಗಿಸಿದ್ರೆ ಟಿಕ್ ಅನ್ನೋ ಸದ್ದೇ ಬರ್ಲಿಲ್ಲ, ಮತ್ತೆ ತುಂಬದಂಗೆ ಬಾಟ್ಲಿ ಬಾಯಲ್ಲಿ ಕೂರಿಸಿರೋ ಗೋಲಿ ಇರೋ ಪ್ಲಾಸ್ಟಿಕ್ ಸಮೇತ ಕಿತ್ಕೊಂಡು ಬಂತು. ಬಣ್ಣ ಮಾತ್ರ ಸೂಪರ್. ಬಣ್ಣ ನೋಡಿ ಮೋಸ ಹೋಗ್ಬೇಡಿ, ಅಸಲಿ ಸ್ಕಾಚಿಗೂ ಕ್ಯಾರಮೆಲ್ ಬಣ್ಣ ಹಾಕೋಕೆ ಕಾನೂನಲ್ಲಿ ಅವಕಾಶ ಇದೆ. ಮೂಗಿಗೆ ಹಿಡಿದ್ರೆ ಮರದ ವಾಸ್ನೆ ಇಲ್ಲ, ಹೊಗೆ ಇಲ್ಲ, ಇಂಜೆಕ್ಷನ್‌ಗೆ ಮುಂಚೆ ಹತ್ತೀಲಿ ಒರೆಸ್ತಾರಲ್ಲ ಆ ಸ್ಪಿರಿಟ್ ವಾಸ್ನೆ. ಭಾವನ ಮುಂದೆ ಮರ್ಯಾದೆ ಪ್ರಶ್ನೆ, ಐಸ್ ಹಾಕಿ ಮುಂದುವರಿಸಿದ್ವಿ. ತಲಾ ಮೂರು ಲಾರ್ಜ್.

ಬೆಳಗಿನ ಜಾವ ಇಬ್ಬರಿಗೂ ವಾಂತಿ. ಹನ್ನೊಂದು ಗಂಟೆಗೆ ಭಾವ ಕಣ್ಣು ಮಂಜು ಮಂಜು ಅಂದ್ರು ನೋಡಿ, ನನ್ನ ಜೀವ ಬಾಯಿಗೆ ಬಂತು. 1981ರಲ್ಲಿ ಇದೇ ಬೆಂಗಳೂರಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತಿದ್ದು ಅಪ್ಪ ಹೇಳ್ತಿದ್ರು. ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ವಿ. ರಕ್ತ ಪರೀಕ್ಷೆ ಆದ್ಮೇಲೆ ಡಾಕ್ಟರ್ ಮೆಥನಾಲ್ (ಕಳ್ಳ ಸಾರಾಯೀಲಿ ಸಿಗೋ ವಿಷದ ಸ್ಪಿರಿಟ್) ಅಲ್ಲ ಅಂದ್ರು, ಅಗ್ಗದ ಮಾಲು ಹೊಟ್ಟೆ ಕೆಡಿಸಿದೆ, ಮೈಯಲ್ಲಿ ನೀರು ಕಮ್ಮಿ ಆಗಿದೆ ಅಂತ ಡ್ರಿಪ್ ಹಾಕಿದ್ರು. ಮೆಥನಾಲ್ ಆಗಿದ್ರೆ ಕೆಲವೊಮ್ಮೆ ಇಡೀ ದಿನ ಏನೂ ಗೊತ್ತಾಗದೆ ಆಮೇಲೆ ಕಣ್ಣಿಗೇ ಹೊಡಿಯತ್ತಂತೆ, ಹ್ಯಾಂಗೋವರ್ ಅಂತ ಮಜ್ಜಿಗೆ ಕುಡ್ಕೊಂಡು ಮಲಗಿದ್ರೆ ಕಥೆ ಮುಗೀತು ಅಂದ್ರು.

ಅವನ ಫೋನ್ ಸ್ವಿಚ್ ಆಫ್. ಕಂಪ್ಲೇಂಟ್ ಕೊಡೋಣ ಅಂದ್ರೆ ಲೈಸೆನ್ಸ್ ಇಲ್ದೋನ ಹತ್ರ ತಗೊಂಡಿರೋದು ನಾನೇ, ಏನಂತ ಬರ್ಕೊಡ್ಲಿ?

ನಕಲಿ ಮಾಲು ತುಂಬೋಕೆ ಇವರಿಗೆ ಖಾಲಿ ಬಾಟ್ಲಿ ಎಲ್ಲಿಂದ ಬರತ್ತೆ ಅಂತ ಆಮೇಲೆ ಹೊಳೀತು. ನಮ್ಮ ಬೀದಿ ಗುಜರಿಯವನು ಬಿಯರ್ ಬಾಟ್ಲಿನ ಮೂಟೆಗೆ ಎಸೀತಾನೆ, ಫಾರಿನ್ ಬಾಟ್ಲಿ ಡಬ್ಬ ಸಮೇತ ಇದ್ರೆ ಮಾತ್ರ ಪಕ್ಕಕ್ಕೆ ಇಟ್ಕೊಂಡು ಜಾಸ್ತಿ ದುಡ್ಡು ಕೊಡ್ತಾನೆ. ಈಗ ನಾನು ಲೇಬಲ್ ಕೆರೆದು, ಡಬ್ಬ ಹರಿದೇ ಹಾಕೋದು. ಭಾವ ಮಾತ್ರ ಈಗ ನಮ್ಮನೆಗೆ ಬಂದ್ರೆ ಎಂಎಸ್‌ಐಎಲ್ ಅಂಗಡಿಯಿಂದ ಅವರದ್ದೇ ಕ್ವಾರ್ಟರ್ ತರ್ತಾರೆ, ಬಿಲ್ ಸಮೇತ.