ಅರಗಿನ ತಟ್ಟೆಗಳಿಗೊಂದು ಹಳೆಯ ಜೊತೆಗಾರ: ಕ್ವಾಡ್ 33 ಪ್ರಿಆಂಪ್ಲಿಫೈಯರ್

ಅಮ್ಮನ ತವರಿನಿಂದ ಬಂದ ಎರಡು ಟ್ರಂಕು ಗ್ರಾಮಫೋನ್ ತಟ್ಟೆಗಳು ಇಲ್ಲದೇ ಹೋಗಿದ್ದರೆ ನಾನು ತಟ್ಟೆಯ ಕ್ಷೀಣ ಸದ್ದನ್ನು ಎತ್ತಿ ಹದಗೊಳಿಸುವ ಪ್ರಿಆಂಪ್ಲಿಫೈಯರ್ ಎಂಬ ಪೆಟ್ಟಿಗೆಯ ಗೊಡವೆಗೇ ಹೋಗುತ್ತಿರಲಿಲ್ಲ. ಅರ್ಧದಷ್ಟು ನಿಮಿಷಕ್ಕೆ 78 ಸುತ್ತಿನ ವೇಗದ ಅರಗಿನ ತಟ್ಟೆಗಳು, ಉಳಿದವು ಎಲ್‌ಪಿಗಳು. ಎಲ್ಲವೂ ಎಷ್ಟೋ ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದು ಬೂಷ್ಟು ಹಿಡಿದಿದ್ದವು. ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ (ಅರಗಿನ ತಟ್ಟೆಗೆ ಸ್ಪಿರಿಟ್ ಮಾತ್ರ ತಾಗಿಸಬಾರದು, ಅರಗು ಅದರಲ್ಲಿ ಕರಗಿಹೋಗುತ್ತದೆ), ಹೊಸದಾಗಿ ಕೊಂಡಿದ್ದ ಟರ್ನ್‌ಟೇಬಲ್ ಮೇಲೆ ಇಟ್ಟಾಗ ಅದರೊಳಗಿನ ಅಗ್ಗದ ಸರ್ಕ್ಯೂಟು ಹಾಡಿಗಿಂತ ಜೋರಾಗಿ ಗೀರುಗಳನ್ನೇ ಕೇಳಿಸಿತು. "ಇದು ಹಾಡೋ, ತೆಂಗಿನಕಾಯಿ ತುರಿಯುವುದೋ?" ಎಂದು ಅಮ್ಮ ಎದ್ದು ಹೋದರು. ಕ್ವಾಡ್ 33 ಮಂಗಳೂರಿನ ಬಿಜೈಯ ನಮ್ಮ ಮನೆಗೆ ಬಂದದ್ದು ಹಾಗೆ. ಬೆಂಗಳೂರಿನ ಹವ್ಯಾಸಿಯೊಬ್ಬರಿಂದ 18,000 ರೂಪಾಯಿಗೆ ಕೊಂಡು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಶಿರಾಡಿ ಘಾಟಿ ಇಳಿದ ಈ ಪೆಟ್ಟಿಗೆಯೊಂದಿಗೆ ಈಗ ಮೂರು ವರ್ಷ ಕಳೆದಿದ್ದೇನೆ.

ಪೀಟರ್ ವಾಕರ್ 1936ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟುಹಾಕಿದ ಕಂಪನಿಯು ವಾಲ್ವುಗಳ ಕಾಲದಿಂದ ಟ್ರಾನ್ಸಿಸ್ಟರಿನ ಕಾಲಕ್ಕೆ ಕಾಲಿಟ್ಟಾಗ, 1967ರಲ್ಲಿ, ಕ್ವಾಡ್ 22ರ ಸ್ಥಾನಕ್ಕೆ ತಂದ ಮಾದರಿ ಇದು. ಸ್ಪೀಕರುಗಳನ್ನು ನುಡಿಸುವ ಕ್ವಾಡ್ 303 ಎಂಬ ಪವರ್ ಆಂಪ್ಲಿಫೈಯರ್ ಇದರ ಜೋಡಿ. 1982ರವರೆಗೂ ತಯಾರಾದುದರಿಂದ ಹಳೆಯ ಮಾಲು ಇಂದಿಗೂ ಕೈಗೆಟಕುವ ಬೆಲೆಯಲ್ಲಿ ಸಿಗುತ್ತದೆ. ಕಂದು ಬಣ್ಣದ ಲೋಹದ ಕವಚ, ಕಿತ್ತಳೆ ಛಾಯೆಯ ಗುಂಡಿಗಳು, ದೊಡ್ಡದೊಂದು ವಾಲ್ಯೂಮ್ ತಿರುಗಣೆ. ಗಾತ್ರದಲ್ಲಿ ಎರಡು ದಪ್ಪ ನಿಘಂಟುಗಳನ್ನು ಒಂದರ ಮೇಲೊಂದು ಇಟ್ಟಷ್ಟು. 2024ರಲ್ಲಿ ಇದೇ ಹೆಸರು ಮತ್ತು ಇದೇ ಚಹರೆಯ ಹೊಸ ಮಾದರಿಯೊಂದು ಬಂದಿದೆಯಾದರೂ ಅದರ ಬೆಲೆಗೂ ನನ್ನ ಜೇಬಿಗೂ ಸಂಬಂಧವಿಲ್ಲ.

ಪ್ರಿಆಂಪ್ಲಿಫೈಯರಿನ ಕೆಲಸ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಿನದು. ಸೂಜಿಯನ್ನು ಹಿಡಿದಿರುವ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ನಿಂದ ಹೊರಡುವ ವಿದ್ಯುತ್ತು ಐದು ಮಿಲಿವೋಲ್ಟಿನ ಆಸುಪಾಸು; ಅದನ್ನು ಪವರ್ ಆಂಪ್ಲಿಫೈಯರಿಗೆ ಬೇಕಾದ ಮಟ್ಟಕ್ಕೆ ಎತ್ತಬೇಕು. ಎತ್ತಿದರಷ್ಟೇ ಸಾಲದು. ಎಲ್‌ಪಿಯ ಸುರುಳಿ ಗೆರೆಯಲ್ಲಿ ಮಂದ್ರ ಸ್ವರಗಳನ್ನು ಕುಗ್ಗಿಸಿ, ತಾರ ಸ್ವರಗಳನ್ನು ಹಿಗ್ಗಿಸಿ ಕೊರೆದಿರುತ್ತಾರೆ. ಆರ್‌ಐಎಎ ಎಂಬ, 1954ರಿಂದ ಎಲ್ಲರೂ ಒಪ್ಪಿ ನಡೆದುಬಂದ ಆ ಲೆಕ್ಕವನ್ನು ಪ್ರಿಆಂಪ್ ತಿರುವುಮುರುವು ಮಾಡದಿದ್ದರೆ ಮೃದಂಗ ಡಬ್ಬದಂತೆಯೂ ತಾಳ ಸೂಜಿಯಂತೆಯೂ ಕೇಳುತ್ತದೆ. ಕ್ವಾಡ್ 33ರಲ್ಲಿ ಈ ಕೆಲಸಕ್ಕೆಂದೇ ಹಿಂಬದಿಯಲ್ಲಿ ಚಿಕ್ಕದೊಂದು ಚೌಕ ಬೋರ್ಡು ಸಿಕ್ಕಿಸಿರುತ್ತದೆ. ಅದರ ಸೊಗಸೇನೆಂದರೆ, ಕಳಚಿ ಒಂದು ಕಾಲು ಸುತ್ತು ತಿರುಗಿಸಿ ಮತ್ತೆ ಸಿಕ್ಕಿಸಿದರೆ ಬೇರೊಂದು ಬಗೆಯ ಕಾರ್ಟ್ರಿಜ್‌ಗೆ ಹೊಂದಿಕೊಳ್ಳುತ್ತದೆ; ನಾಲ್ಕು ಬದಿಗೆ ನಾಲ್ಕು ಬಗೆ. ಸ್ವಿಚ್ಚಿಲ್ಲ, ಮೆನುವಿಲ್ಲ. ಟೇಪಿನ ಮಟ್ಟಕ್ಕೂ ಇಂಥದ್ದೇ ಇನ್ನೊಂದು ಬೋರ್ಡು. ಇದನ್ನು ಯೋಚಿಸಿದವನಿಗೆ ಒಂದು ಕೈ ಮುಗಿಯಬೇಕೆನ್ನಿಸುತ್ತದೆ.

ಆದರೆ ನಾನು ಈ ಪೆಟ್ಟಿಗೆಯನ್ನು ಮಾರದೆ ಇಟ್ಟುಕೊಂಡಿರುವುದು ಅದರ ಫಿಲ್ಟರಿಗಾಗಿ. ಮುಂಭಾಗದಲ್ಲಿ 5, 7 ಮತ್ತು 10 ಕಿಲೋಹರ್ಟ್ಜ್ ಎಂಬ ಮೂರು ಗುಂಡಿಗಳಿವೆ, ಅವುಗಳ ಜೊತೆ ಸ್ಲೋಪ್ ಎಂಬ ತಿರುಗಣೆ. ಗುಂಡಿಯು ಯಾವ ಎತ್ತರದಿಂದ ಮೇಲಿನ ಸದ್ದನ್ನು ಕತ್ತರಿಸಬೇಕೆಂದು ಹೇಳಿದರೆ, ತಿರುಗಣೆಯು ಆ ಕತ್ತರಿ ಎಷ್ಟು ಹರಿತವಾಗಿರಬೇಕೆಂದು ಹೇಳುತ್ತದೆ: ಗದ್ದೆಯ ಬದುವಿನಂತೆ ಮೆಲ್ಲಗೆ ಇಳಿಯಬೇಕೋ, ಬಾವಿಯ ಅಂಚಿನಂತೆ ಒಮ್ಮೆಲೇ ಬೀಳಬೇಕೋ. ಇಂದಿನ ಯಂತ್ರಗಳಲ್ಲಿ ಈ ಸೌಲಭ್ಯ ಬಹುತೇಕ ಮಾಯವಾಗಿದೆ. ಮಂದ್ರ-ತಾರಗಳನ್ನು ಹೆಚ್ಚುಕಡಿಮೆ ಮಾಡುವ ಟೋನ್ ತಿರುಗಣೆಗಳನ್ನು ಇಡುವುದೇ ಅವಮಾನವೆಂದು ಭಾವಿಸುವ ತಯಾರಕರೂ ಇದ್ದಾರೆ.

ಆರೂರಿನ ಪಿ. ಕಾಳಿಂಗರಾಯರು ಹಾಡಿದ ಭಾವಗೀತೆಯ 78ರ ತಟ್ಟೆಯೊಂದು ನಮ್ಮಲ್ಲಿದೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕಾಗಿದೆ, ಗೀರಿಲ್ಲದ ಜಾಗ ಕಡಿಮೆ. 78ಕ್ಕೆಂದೇ ಇರುವ ದಪ್ಪ ಮೊನೆಯ ಸೂಜಿ ಹಾಕಿ, ಕ್ಯಾನ್ಸಲ್ ಗುಂಡಿ ಒತ್ತಿ, ಅಂದರೆ ಫಿಲ್ಟರು ಮತ್ತು ಟೋನು ಎರಡನ್ನೂ ಬಿಟ್ಟು ಕೇಳಿದರೆ, ಕಾದ ಬಾಣಲೆಗೆ ನೀರು ಚಿಮುಕಿಸಿದಂಥ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಕಂಠವೊಂದು ಕೇಳುತ್ತದೆ. 10ರ ಗುಂಡಿಗೆ ಬಂದರೆ ಬಾಣಲೆಯ ಉರಿ ತುಸು ಇಳಿಯುತ್ತದೆ. 7ಕ್ಕೆ ಬಂದು ಸ್ಲೋಪನ್ನು ಅರ್ಧದವರೆಗೆ ತಿರುಗಿಸಿದಾಗ ಚಟಚಟ ಹಿಂದಕ್ಕೆ ಸರಿದು ಕಾಳಿಂಗರಾಯರು ಮುಂದಕ್ಕೆ ಬರುತ್ತಾರೆ. ಕಂಠದ ಆ ಗಡಸು ಮತ್ತು ಅದರೊಳಗಿನ ತೇವ ಎರಡೂ ಉಳಿಯುತ್ತವೆ. ತೀರಾ ಸವೆದ ತಟ್ಟೆಗಳಿಗೆ 5ರ ಗುಂಡಿ. ಇದರಲ್ಲಿ ಮಾಯವೇನೂ ಇಲ್ಲ: ಆ ಕಾಲದ ಅರಗಿನ ತಟ್ಟೆಗಳಲ್ಲಿ ಆರೇಳು ಕಿಲೋಹರ್ಟ್ಜ್‌ಗಿಂತ ಮೇಲೆ ಸಂಗೀತ ಅಲ್ಪ, ಗಲಾಟೆ ಬಹಳ, ಮೇಲಿನದನ್ನು ಕತ್ತರಿಸಿದರೆ ಕಳೆದುಕೊಳ್ಳುವುದು ಹೆಚ್ಚಾಗಿ ಗಲಾಟೆಯನ್ನೇ. ಎದ್ದು ಹೋಗಿದ್ದ ಅಮ್ಮ ಈಗ ಮಧ್ಯಾಹ್ನದ ಕಾಫಿಯ ಹೊತ್ತಿಗೆ ತಾವಾಗಿ ಬಂದು ಕೂರುತ್ತಾರೆ, ಗುಂಡಿಗಳ ವಿಚಾರದಲ್ಲಿ ನನಗಿಂತ ಕಟ್ಟುನಿಟ್ಟಾಗಿಯೂ ಇದ್ದಾರೆ.

ಒಳ್ಳೆಯ ಸ್ಥಿತಿಯ ಎಲ್‌ಪಿಗಳಲ್ಲಿ ಈ ಪೆಟ್ಟಿಗೆಯ ಸ್ವಭಾವ ಮೆದು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಇದರಲ್ಲಿ ಕಿವಿಗೆ ಚುಚ್ಚುವುದಿಲ್ಲ, ಆದರೆ ಇಂದಿನ ಒಳ್ಳೆಯ ಫೋನೋ ಸರ್ಕ್ಯೂಟುಗಳಲ್ಲಿ ಕೇಳುವ ಉಸಿರಿನ ಸೂಕ್ಷ್ಮವೂ ಅಷ್ಟಾಗಿ ಕೇಳುವುದಿಲ್ಲ. ಹಾಡಿನ ನಡುವಿನ ಮೌನದಲ್ಲಿ ಸಣ್ಣದೊಂದು ಸುಯ್ ಸದ್ದು ಇದ್ದೇ ಇರುತ್ತದೆ.

ಹೊಸ ಸಾಧನಗಳೊಂದಿಗೆ ಇದಕ್ಕೆ ಹೊಂದಾಣಿಕೆ ಕಷ್ಟ. ರೇಡಿಯೋ ಇನ್‌ಪುಟ್ಟನ್ನು ನೂರು ಮಿಲಿವೋಲ್ಟಿಗೆ ಎಂದು ರೂಪಿಸಿದ್ದಾರೆ. ಸಿಡಿ ಪ್ಲೇಯರ್ ಎರಡು ವೋಲ್ಟು ಹೊರಡಿಸುತ್ತದೆ. ವಾಲ್ಯೂಮನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮನೆ ನಡುಗುತ್ತದೆ, ಇನ್ನಷ್ಟು ತಿರುಗಿಸುವುದಕ್ಕೆ ಧೈರ್ಯ ಸಾಲದು. ಕೇಬಲ್ಲಿನಲ್ಲಿ ರೆಸಿಸ್ಟರುಗಳನ್ನು ಹಾಕಿಸಿ ಮಟ್ಟ ತಗ್ಗಿಸಿದ ಮೇಲೆ ಸರಿಹೋಯಿತು. ಹಿಂಬದಿಯಲ್ಲಿ ಇಂದಿನ ಆರ್‌ಸಿಎ ಸಾಕೆಟ್ಟುಗಳ ಬದಲು ಡಿನ್ ಸಾಕೆಟ್ಟುಗಳಿರುವುದರಿಂದ ಎಲ್ಲ ಕೇಬಲ್ಲನ್ನೂ ಹೇಳಿ ಮಾಡಿಸಬೇಕು. ಹೊರಹೋಗುವ ಸಿಗ್ನಲ್ಲು ಅರ್ಧ ವೋಲ್ಟು ಮಾತ್ರ. 303ಕ್ಕೆ ಅದು ಸಾಕು, ನನ್ನ ಅಸೆಂಬಲ್ಡ್ ಆಂಪ್ಲಿಫೈಯರಿಗೆ ಸಾಲದೆ ಅದರ ಗೇನ್, ಅಂದರೆ ಸದ್ದು ಎತ್ತುವ ಪ್ರಮಾಣ, ಹೆಚ್ಚಿಸಬೇಕಾಯಿತು. ಮೊಬೈಲಿನಿಂದ ಹಾಡು ಕೇಳುವವರು ಈ ಪೆಟ್ಟಿಗೆಯನ್ನು ಕೊಳ್ಳುವುದು ದಂಡ. ರೇಡಿಯೋ ಟ್ಯೂನರಿನ ಜೊತೆ ಮಾತ್ರ ಇದಕ್ಕೆ ಹಳೆಯ ಸ್ನೇಹ, ಮಂಗಳೂರು ಆಕಾಶವಾಣಿಯ ಯಕ್ಷಗಾನದ ಚೆಂಡೆ ಇದರಲ್ಲಿ ಚೆನ್ನಾಗಿಯೇ ಮೊಳಗುತ್ತದೆ.

ಇನ್ನು ನಮ್ಮ ಕಡಲ ಹವೆಯ ಮಾತು. ಮೊದಲ ಮಳೆಗಾಲದಲ್ಲೇ ಗುಂಡಿ ಒತ್ತಿದಾಗಲೆಲ್ಲ ಕರಕರ ಶುರುವಾಗಿ, ಎಡಗಡೆಯ ಸ್ಪೀಕರು ಮಂಕಾಯಿತು. ಮೊದಲು ತೋರಿಸಿದ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ತುಕ್ಕು ಬಿಡಿಸುವ ಎಣ್ಣೆಯನ್ನು ಧಾರಾಳವಾಗಿ ಊದಿ, 600 ರೂಪಾಯಿ ತೆಗೆದುಕೊಂಡು ಕಳಿಸಿದರು. ವಾರದೊಳಗೆ ಆ ಎಣ್ಣೆಗೆ ಧೂಳು ಅಂಟಿ ಕರಕರ ಇಮ್ಮಡಿಯಾಯಿತು. ಆಮೇಲೆ ಹಂಪನಕಟ್ಟೆಯ ಓಣಿಯೊಂದರಲ್ಲಿ, ಹಳೆಯ ಟೇಪ್ ರೆಕಾರ್ಡರುಗಳ ರಾಶಿಯ ನಡುವೆ ಕೂರುವ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕಿದರು. ಭೂತಗನ್ನಡಿ ಹಿಡಿದು ಐದು ನಿಮಿಷ ನೋಡಿ, "ಟ್ರಾನ್ಸಿಸ್ಟರ್ ಎಲ್ಲ ಸರಿ ಉಂಟು ಮಾರಾಯ್ರೆ, ಕಂಡೆನ್ಸರ್ ಒಣಗಿದ್ದು. ಇದಕ್ಕೂ ವಯಸ್ಸಾಗುವುದಿಲ್ವಾ?" ಎಂದರು. ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಆರುವುದು ಎಲ್ಲ ಹಳೆಯ ಯಂತ್ರಗಳ ಕಾಯಿಲೆ. ಅಷ್ಟನ್ನೂ ಬದಲಿಸಿ, ಸ್ವಿಚ್ಚುಗಳ ಎಣ್ಣೆ ತೊಳೆದು, 2,400 ರೂಪಾಯಿ ತೆಗೆದುಕೊಂಡರು. ಅಂದಿನಿಂದ ಎರಡೂ ಕಡೆ ಸಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಇಟ್ಟು ಒಳಗನ್ನು ಬೆಚ್ಚಗಿಡುವುದು, ಎಲ್ಲ ಗುಂಡಿಗಳನ್ನು ವಾರಕ್ಕೊಮ್ಮೆ ಹತ್ತಿಪ್ಪತ್ತು ಸಲ ಒತ್ತುವುದು ಅವರದೇ ಸಲಹೆ. ಸಿಡಿಲು ಕಂಡರೆ ಪ್ಲಗ್ ಕೀಳುವುದನ್ನು ಈ ಊರಿನಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಂಯ್ ಎನ್ನುವ ಹಮ್ಮಿಂಗ್ ಕತೆ ಬೇರೆ. ಕಳೆದ ಏಪ್ರಿಲಿನಲ್ಲಿ ಅದು ಇದ್ದಕ್ಕಿದ್ದಂತೆ ಏರಿದಾಗ ಕೇಬಲ್ಲು, ಕಾರ್ಟ್ರಿಜ್ಜು, ಟರ್ನ್‌ಟೇಬಲ್ಲಿನ ಅರ್ತ್ ವಯರು ಎಲ್ಲವನ್ನೂ ತಡಕಾಡಿ ಸೋತೆ. ಕೊನೆಗೆ ವಯರಿಂಗ್ ಕೆಲಸದವರು ಬಂದು ಹಿತ್ತಿಲಿನ ಅರ್ತ್ ಗುಂಡಿಯನ್ನು ನೋಡಿದರೆ ಅದು ಬೂದಿಯಂತೆ ಒಣಗಿತ್ತು. ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ತೇವ ನಿಲ್ಲುವುದಿಲ್ಲ. ನಾಲ್ಕು ಕೊಡ ನೀರು ಸುರಿದು ಒಳಗೆ ಬಂದು ಕೇಳಿದೆ: ಗುಂಯ್ ಇಳಿದಿತ್ತು. ಈಗ ಮಾರ್ಚ್ ಬಂದರೆ ತುಳಸಿಕಟ್ಟೆಗೆ ನೀರೆರೆಯುವಾಗ ಅರ್ತ್ ಗುಂಡಿಗೂ ಒಂದು ಕೊಡ ಸಲ್ಲುತ್ತದೆ.

ಕೇಬಲ್ಲು, ರಿಪೇರಿ ಎಲ್ಲ ಸೇರಿ ಇದುವರೆಗೆ 23,000 ರೂಪಾಯಿಯ ಹತ್ತಿರ ಖರ್ಚಾಗಿದೆ. ಹಳೆಯ ತಟ್ಟೆಗಳ ರಾಶಿ ಮತ್ತು ನಂಬಿಕೆಯ ಮೆಕ್ಯಾನಿಕ್, ಈ ಎರಡೂ ಇರುವವರು ಹಿಂಜರಿಯದೆ ಕೊಳ್ಳಬಹುದು. ಎರಡರಲ್ಲಿ ಒಂದಿಲ್ಲದಿದ್ದರೂ ಅದೇ ಹಣಕ್ಕೆ ಪ್ರಿಆಂಪು, ಪವರ್ ಆಂಪು ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಹೊಸದೊಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್ ವಾಸಿ. ಕೊಳ್ಳುವವರು ಮಾರುವವರ ಮನೆಗೇ ಹೋಗಿ, ತಮ್ಮದೇ ತಟ್ಟೆಯೊಂದನ್ನು ಹಾಕಿಸಿ, ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡಬೇಕು. ಹಿಂಬದಿಯ ಆ ಎರಡು ಚೌಕ ಬೋರ್ಡುಗಳು ಜಾಗದಲ್ಲಿವೆಯೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳಬೇಕು. ಅವಿಲ್ಲದ ಕ್ವಾಡ್ 33ಕ್ಕೆ ಅರ್ಧ ಬೆಲೆಯೂ ಹೆಚ್ಚು.